ಟಯರ್ ಸದ್ದು: ಮೊದಲು ಕಿವಿ, ಆಮೇಲೆ ಕಿಸೆ

ಚೆನ್ನೈನ ವೇಲಚೇರಿಯಿಂದ ಬೆಂಗಳೂರಿಗೆ ಹೊರಟವರಿಗೆ ಗಿಂಡಿ, ಪೂನಮಲ್ಲಿ ದಾಟುವವರೆಗೆ ಕಾರಿನ ಸದ್ದು ಗಮನಕ್ಕೇ ಬರುವುದಿಲ್ಲ. ಬಸ್ಸು, ಆಟೊ, ಹಾರ್ನ್‌ಗಳ ಗದ್ದಲದಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಶ್ರೀಪೆರಂಬದೂರು ಹಿಂದೆ ಬಿದ್ದು ವೇಗದ ಮುಳ್ಳು 80 ಮುಟ್ಟಿತೆಂದರೆ ಕಾಲಡಿಯಿಂದ 'ಹೂಂ' ಎಂಬ ಮೊರೆತ ಏಳುತ್ತದೆ. ಹಿಂದಿನ ಸೀಟಿನವರ ಮಾತು ಮುಂದಿನವರಿಗೆ ಕೇಳುವುದಿಲ್ಲ, ಹಾಡಿನ ವಾಲ್ಯೂಮ್ ಏರುತ್ತಲೇ ಹೋಗುತ್ತದೆ. ಯಾರಲ್ಲಾದರೂ ಹೇಳಿಕೊಂಡರೆ ಸಲಹೆಗಳಿಗೇನೂ ಬರವಿಲ್ಲ. ಟಯರ್ ಬದಲಿಸಿ, ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಹಾಕಿಸಿ, ನೈಟ್ರೋಜನ್ ತುಂಬಿಸಿ. ಮೂರಕ್ಕೂ ದುಡ್ಡು ಬೇಕು. ಸದ್ದು ಹುಟ್ಟುತ್ತಿರುವುದು ಎಲ್ಲಿ ಎಂದು ಪತ್ತೆಹಚ್ಚುವುದಕ್ಕೆ ಮಾತ್ರ ಬಿಡಿಗಾಸೂ ಬೇಡ.

ಗಾಳಿ ತುಂಬಿದ ಟಯರ್ ಹುಟ್ಟಿದ್ದರ ಹಿಂದೆ ಸದ್ದಡಗಿಸುವ ಆಸೆಯೂ ಇತ್ತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಹೇಳಿಕೊಂಡ ಉದ್ದೇಶಗಳಲ್ಲಿ ಗಾಡಿಯ ಸದ್ದು ತಗ್ಗಿಸುವುದೂ ಒಂದು. ಕಬ್ಬಿಣದ ಪಟ್ಟಿಯ ಚಕ್ರ ಕಲ್ಲುಹಾಸಿನ ಮೇಲೆ ಉರುಳುತ್ತಿದ್ದ ಕಾಲದಲ್ಲಿ ರಬ್ಬರ್ ಚಕ್ರ ನಿಶ್ಶಬ್ದವೆಂದೇ ಅನ್ನಿಸಿರಬೇಕು. ಈಗ ಎಂಜಿನ್ನುಗಳು ಮೆತ್ತಗಾಗಿವೆ, ವೇಗ ಹೆಚ್ಚಿದೆ. ಒಂದೇ ವೇಗದಲ್ಲಿ ಸಾಗುವ ಕಾರಿನಲ್ಲಿ ಗಂಟೆಗೆ 40 ಕಿಲೋಮೀಟರ್ ಸುಮಾರಿಗೇ ಟಯರ್ ಸದ್ದು ಎಂಜಿನ್ ಸದ್ದನ್ನು ಮೀರಿಸುತ್ತದೆ. ಬ್ಯಾಟರಿ ಕಾರಿನಲ್ಲಂತೂ ಅದನ್ನು ಮರೆಮಾಚಲು ಎಂಜಿನ್ನೇ ಇಲ್ಲ.

ಟಯರಿನ ಮೈಮೇಲೆ ಎದ್ದು ಕಾಣುವ ರಬ್ಬರ್ ಗಟ್ಟಿಗಳಿಗೆ ಗ್ಯಾರೇಜಿನಲ್ಲಿ 'ಬಟನ್' ಅನ್ನುತ್ತಾರೆ. ಮೊದಲ ಸದ್ದು ಅವುಗಳದು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾದ 185/65 ಆರ್ 15 ಅಳತೆಯ ಟಯರನ್ನೇ ತೆಗೆದುಕೊಳ್ಳಿ. ಅದರ ಸುತ್ತಳತೆ ಹೆಚ್ಚುಕಡಿಮೆ 1.95 ಮೀಟರ್. 80ರ ವೇಗದಲ್ಲಿ ಅದು ಸೆಕೆಂಡಿಗೆ ಹನ್ನೊಂದು ಸುತ್ತಿಗೂ ಸ್ವಲ್ಪ ಹೆಚ್ಚು ತಿರುಗುತ್ತದೆ. ಒಂದು ಸುತ್ತಿಗೆ 70 ಬಟನ್ ಇವೆ ಎಂದಿಟ್ಟುಕೊಂಡರೆ ರಸ್ತೆಗೆ ಸೆಕೆಂಡಿಗೆ ಸುಮಾರು 800 ಏಟು ಬೀಳುತ್ತದೆ. ಬಟನ್‌ಗಳೆಲ್ಲ ಒಂದೇ ಅಳತೆಯವಾಗಿದ್ದರೆ ಈ 800 ಏಟುಗಳು ಒಂದೇ ಶ್ರುತಿಯಲ್ಲಿ ಕೂಡಿ ಕಿವಿ ಕೊರೆಯುವ ಸಿಳ್ಳಾಗುತ್ತಿದ್ದವು. ಅದಕ್ಕೇ ತಯಾರಕರು ಬೇಕೆಂದೇ ಚಿಕ್ಕ, ಮಧ್ಯಮ, ದೊಡ್ಡ ಬಟನ್‌ಗಳನ್ನು ಹಿಂದುಮುಂದಾಗಿ ಜೋಡಿಸುತ್ತಾರೆ. ನಿಂತಿರುವ ಕಾರಿನ ಟಯರನ್ನು ಬಗ್ಗಿ ನೋಡಿದರೆ ಈ ಏರುಪೇರು ಕಣ್ಣಿಗೇ ಕಾಣುತ್ತದೆ. ಇದರಿಂದ ಏಟುಗಳ ಸಂಖ್ಯೆಯೇನೂ ಇಳಿಯುವುದಿಲ್ಲ. ಅವುಗಳ ಶ್ರುತಿ ಚದುರಿ, ಸಿಳ್ಳು ಹೋಗಿ ಮೊರೆತ ಉಳಿಯುತ್ತದೆ.

ಎರಡನೆಯದು ಗಾಳಿಯ ಸದ್ದು. ಬಟನ್‌ಗಳ ನಡುವಿನ ಕಾಲುವೆಗಳು ರಸ್ತೆಗೆ ಒತ್ತಿದಾಗ ಒಳಗಿನ ಗಾಳಿ ಹಿಂಡಿಕೊಂಡು ಹೊರಚಿಮ್ಮುತ್ತದೆ, ಟಯರ್ ಮೇಲೆದ್ದಾಗ ಮತ್ತೆ ಒಳನುಗ್ಗುತ್ತದೆ. ದುಂಡಗಿನ ಟಯರ್ ಚಪ್ಪಟೆ ರಸ್ತೆಯನ್ನು ಮುಟ್ಟುವಲ್ಲಿ ಹಿಂದೆಯೂ ಮುಂದೆಯೂ ಒಂದೊಂದು ಕಿರಿದಾದ ಸಂದು ಇರುತ್ತದೆ. ಒಳಗೆ ಇಕ್ಕಟ್ಟು, ಹೊರಗೆ ಹೋದಂತೆ ಅಗಲ. ನಾದಸ್ವರದ ಅರಳಿದ ತುದಿ ಮಾಡುವ ಕೆಲಸವನ್ನೇ ಈ ಸಂದೂ ಮಾಡುತ್ತದೆ, ಒಳಗೆ ಹುಟ್ಟಿದ ಸಣ್ಣ ಸದ್ದನ್ನು ದೊಡ್ಡದಾಗಿಸಿ ಹೊರಕ್ಕೆ ಕಳಿಸುತ್ತದೆ.

ಮೂರನೆಯದು ಟಯರಿನ ಹೊಟ್ಟೆಯೊಳಗಿನದು. ರಿಮ್ಮಿಗೂ ರಬ್ಬರಿಗೂ ನಡುವಿನ ಗಾಳಿ ಒಂದು ಬಳೆಯಾಕಾರದ ಕೋಣೆ. ನಮ್ಮ 15 ಇಂಚಿನ ಟಯರಿನಲ್ಲಿ ಆ ಬಳೆಯ ನಡುಸುತ್ತು ಸುಮಾರು 1.57 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸಿದರೆ ಬರುವುದು ಹತ್ತಿರ ಹತ್ತಿರ 220 ಹರ್ಟ್ಸ್. ಮೇಲ್ಸೇತುವೆಯ ಜೋಡಣೆ ದಾಟುವಾಗ ಕೇಳುವ 'ಡಂಯ್' ಎಂಬ ಟೊಳ್ಳು ದನಿ ಇದರದ್ದೇ. ಇದು ರಿಮ್ಮು, ಹಬ್ಬು, ಸಸ್ಪೆನ್ಷನ್ನಿನ ಲೋಹ ಹಿಡಿದು ನೇರ ಒಳಗೆ ಬರುತ್ತದೆ. ಕಿಟಕಿ ಎಷ್ಟೇ ಬಿಗಿಯಾಗಿದ್ದರೂ ಇದಕ್ಕೆ ತಡೆಯಿಲ್ಲ. ಪೆಟ್ರೋಲ್ ಬಂಕಿನ ನೈಟ್ರೋಜನ್ ಸಲಹೆಯ ಸತ್ವವೂ ಈ ಲೆಕ್ಕದಲ್ಲೇ ಬಯಲಾಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಅಪ್ಪಟ ನೈಟ್ರೋಜನ್‌ನಲ್ಲಿ ಶಬ್ದದ ವೇಗ ಶೇಕಡ ಎರಡರಷ್ಟೂ ಹೆಚ್ಚುವುದಿಲ್ಲ. ಕಿವಿಗೆ ತಿಳಿಯುವಷ್ಟು ಲಾಭ ಅದರಲ್ಲಿಲ್ಲ.

ಈ ಮೂರರ ಜೊತೆಗೆ ರಸ್ತೆಯ ಪಾಲನ್ನೂ ಸೇರಿಸಿಕೊಳ್ಳಬೇಕು. ಸಣ್ಣ ಜಲ್ಲಿಯ ಹೊಸ ಡಾಂಬರಿನ ಮೇಲೆ ಸುಮ್ಮನಿದ್ದ ಕಾರು, ಜಲ್ಲಿ ಎದ್ದ ಹಳೆ ರಸ್ತೆಗೆ ಬಂದೊಡನೆ ಗುಡುಗತೊಡಗುತ್ತದೆ. ಕಾಂಕ್ರೀಟ್ ರಸ್ತೆಗೆ ಹಿಡಿತಕ್ಕೆಂದು ಅಡ್ಡಡ್ಡ ಗೀರು ಎಳೆದಿದ್ದರೆ ಸಣ್ಣ ಸಿಳ್ಳೂ ಸೇರುತ್ತದೆ. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳಲ್ಲಿ ಓಡಾಡುವವರಿಗೆ ಇದರ ಪರಿಚಯ ಇದ್ದೀತು. ನೆದರ್ಲೆಂಡ್ಸಿನ ಹೆದ್ದಾರಿಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿರುವ ಡಾಂಬರು ಹಾಸುತ್ತಾರೆ. ಹಿಂಡಿದ ಗಾಳಿ ರಂಧ್ರದೊಳಕ್ಕೆ ಇಳಿದು ಸದ್ದು ತಗ್ಗುತ್ತದೆ, ಮಳೆನೀರೂ ಬಸಿಯುತ್ತದೆ. ಮಣ್ಣು ತುಂಬಿಕೊಂಡರೆ ರಂಧ್ರಗಳು ಮುಚ್ಚಿ ಎರಡು ಲಾಭವೂ ಹೋಗುತ್ತದೆ. ಇನ್ನು ವೇಗದ ಪಾತ್ರ. ವೇಗ 40ರಿಂದ 80ಕ್ಕೆ ಏರಿದರೆ ಟಯರ್ ಸದ್ದು ಸಾಮಾನ್ಯವಾಗಿ 9ರಿಂದ 12 ಡೆಸಿಬೆಲ್ ಹೆಚ್ಚುತ್ತದೆ. ಹತ್ತು ಡೆಸಿಬೆಲ್ ಹೆಚ್ಚಿದರೆ ನಮ್ಮ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳುತ್ತದೆ.

ಇಲ್ಲಿಯವರೆಗಿನದು ಯಾವ ಊರಿನ ಕಾರಿಗೂ ಸಲ್ಲುವ ಮಾತು. ವೇಲಚೇರಿಗೆಂದೇ ಇನ್ನೊಂದಿದೆ. ಪಳ್ಳಿಕರಣೈ ಜೌಗಿನ ಮಗ್ಗುಲಿಗಿರುವ ಈ ತಗ್ಗು ಪ್ರದೇಶ 2015ರ ಡಿಸೆಂಬರ್ ಮಳೆಯಲ್ಲೂ, 2023ರ ಮಿಚಾಂಗ್ ಚಂಡಮಾರುತದಲ್ಲೂ ಮುಳುಗಿತ್ತು. 2024ರ ಅಕ್ಟೋಬರಿನಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದದ್ದೇ ತಡ, ಇಲ್ಲಿನ ಜನ ಕಾರುಗಳನ್ನು ತಂದು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಎಂಜಿನ್ ಉಳಿಸಿಕೊಳ್ಳುವ ಆ ಎಚ್ಚರ ಚಕ್ರದ ಬೇರಿಂಗನ್ನೂ ಉಳಿಸುತ್ತದೆ. ಓಡಿ ಬಿಸಿಯಾದ ಹಬ್ಬು ಮೊಣಕಾಲೆತ್ತರದ ನೀರಿಗಿಳಿದಾಗ ತಟ್ಟನೆ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳಬಹುದು. ಗ್ರೀಸು ನೀರು ಕುಡಿದು ಕೆಡುತ್ತದೆ, ಬೇರಿಂಗಿನ ಗುಂಡು ಉರುಳುವ ದಾರಿಗೆ ತುಕ್ಕು ಹಿಡಿದು ಸಣ್ಣ ಗುಳಿಗಳು ಬೀಳುತ್ತವೆ. ಅಂದೇ ಏನೂ ಗೊತ್ತಾಗುವುದಿಲ್ಲ. ವಾರಗಳು ಕಳೆದು, ನೀರು ನಿಂತಿದ್ದು ಮರೆತ ಮೇಲೆ 'ಹೂಂ' ಶುರುವಾಗುತ್ತದೆ. ಕೇಳಿದವರು ಟಯರಿನದೇ ಎನ್ನುತ್ತಾರೆ. ನಾಲ್ಕು ಹೊಸ ಟಯರ್ ಹಾಕಿಸಿದರೂ ಅದು ನಿಲ್ಲುವುದಿಲ್ಲ.

ಟಯರ್ ಸದ್ದನ್ನೂ ಬೇರಿಂಗ್ ಸದ್ದನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ. ಖಾಲಿಯಿರುವ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತ ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಸದ್ದು ಹಾಗೇ ಇದ್ದರೆ ಅದು ಎಂಜಿನ್ನಿನದಲ್ಲ. ರಸ್ತೆಯ ಮೈ ಬದಲಾದಾಗ ಸದ್ದೂ ಬದಲಾದರೆ ಟಯರ್, ನುಣುಪು ಡಾಂಬರಿನಲ್ಲೂ ಒರಟು ರಸ್ತೆಯಲ್ಲೂ ಒಂದೇ ಸಮ ಕೇಳಿದರೆ ಬೇರಿಂಗ್ ಮೇಲೆ ಅನುಮಾನ. ಸ್ಟಿಯರಿಂಗನ್ನು ಮೆಲ್ಲಗೆ ಬಲಕ್ಕೆ, ಎಡಕ್ಕೆ ವಾಲಿಸಿ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಡೆಯ ಬೇರಿಂಗ್ ನೋಡಿಸಬೇಕು. ಗ್ಯಾರೇಜಿನಲ್ಲಿ ಜ್ಯಾಕ್ ಏರಿಸಿ ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾರೆ, ಇನ್ನೊಂದು ಕೈ ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲಿರುತ್ತದೆ. ಬೇರಿಂಗ್ ಕೆಟ್ಟಿದ್ದರೆ ಸ್ಪ್ರಿಂಗಿನಲ್ಲಿ ಗರಗರ ನಡುಕ ಕೈಗೆ ತಾಗುತ್ತದೆ. 'ಬೇರಿಂಗ್ ಪೋಚ್ಚು ಸಾರ್' (ಬೇರಿಂಗ್ ಹೋಯ್ತು ಸಾರ್) ಎಂದು ಮೆಕ್ಯಾನಿಕ್ ಹೇಳಿದರೆ ನಿಮ್ಮ ಕೈಯನ್ನೂ ಒಮ್ಮೆ ಅಲ್ಲಿಟ್ಟು ನೋಡಿ.

ಟಯರಿನದೇ ಎಂದಾದರೆ ಮುಂದಿನ ಪರೀಕ್ಷೆ ಅಂಗೈಯದು. ಕಾರು ನಿಂತಿರುವಾಗ, ತಂತಿ ಹೊರಬಂದಿಲ್ಲವೆಂದು ನೋಡಿಕೊಂಡು, ಟಯರಿನ ಮೈಯನ್ನು ಉರುಳುವ ದಿಕ್ಕಿಗೊಮ್ಮೆ, ಎದುರು ದಿಕ್ಕಿಗೊಮ್ಮೆ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಬಟನ್‌ಗಳು ಓರೆಯಾಗಿ ಸವೆದಿವೆ. ಮುಂಚಕ್ರ ಎಳೆಯುವ ಕಾರುಗಳಲ್ಲಿ ಹಿಂದಿನ ಟಯರುಗಳಿಗೆ ಇದು ಹೆಚ್ಚು. ಅಡ್ಡಕ್ಕೆ ಸವರಿದಾಗ ಹಲ್ಲು ಸಿಕ್ಕರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್ ಕೆಟ್ಟಿರಬಹುದು. ಮಳೆಗಾಲದ ಗುಂಡಿಗಳು ಈ ಎಲ್ಲಕ್ಕೂ ಧಾರಾಳವಾಗಿ ನೆರವಾಗುತ್ತವೆ. ಹಾಗಾಗಿ ಮಳೆ ಮುಗಿದ ಕೂಡಲೇ ಒಮ್ಮೆ ಅಲೈನ್‌ಮೆಂಟ್ ನೋಡಿಸುವುದು, 8–10 ಸಾವಿರ ಕಿಲೋಮೀಟರಿಗೊಮ್ಮೆ ಟಯರುಗಳನ್ನು ಹಿಂದುಮುಂದು ಮಾಡಿಸುವುದು, ಟಯರ್ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವಷ್ಟೇ ಗಾಳಿ ಹಿಡಿಸುವುದು, ಇವೇ ಅಗ್ಗದ ಮದ್ದು. ಹಲವು ದಿನ ನಿಂತಿದ್ದ ಕಾರು ಹೊರಟಾಗ ದಡದಡ ಅಂದರೆ ಹೆದರಬೇಕಿಲ್ಲ. ಕೆಳಗೆ ಚಪ್ಪಟೆಯಾದ ಜಾಗ ಸಾಮಾನ್ಯವಾಗಿ ಕೆಲವು ಕಿಲೋಮೀಟರಿನಲ್ಲಿ ಬಿಸಿಯಾಗಿ ದುಂಡಗಾಗುತ್ತದೆ.

ಡ್ಯಾಂಪಿಂಗ್ ಶೀಟಿನ ಸರದಿ ಬರುವುದು ಇದೆಲ್ಲ ಆದ ಮೇಲೆ. ಬಾಗಿಲಿಗೆ ಹಾಕಿಸಿದ ಶೀಟ್ ತಗಡಿನ ನಡುಕ ತಗ್ಗಿಸುತ್ತದೆ, ಸ್ಪೀಕರಿಗೆ ಒಳ್ಳೆಯದು. ಟಯರ್ ಸದ್ದು ಹೆಚ್ಚಾಗಿ ಬರುವುದು ನೆಲದಿಂದ ಮತ್ತು ಚಕ್ರದ ಕಮಾನಿನಿಂದ. ಅಲ್ಲಿರುವ ಪ್ಲಾಸ್ಟಿಕ್ ಲೈನರ್ ಹರಿದಿದೆಯೇ, ನೆಲದ ರಬ್ಬರ್ ಬಿರಡೆಗಳು ಬಿದ್ದುಹೋಗಿವೆಯೇ ನೋಡಿ. ಒಳಗೆ ನೀರು ಹೊಕ್ಕಿದ್ದ ಕಾರಾದರೆ ಕಾರ್ಪೆಟ್ ಎತ್ತಿ ಅದರಡಿಯ ಫೆಲ್ಟ್ ಇದೆಯೇ ಎಂದೂ ನೋಡಬೇಕು. ಒಣಗಿಸಲು ತೆಗೆದ ಫೆಲ್ಟ್ ಮರಳಿ ಹಾಕದೆ ಉಳಿದಿದ್ದರೆ ಕಾರು ಮೊದಲಿಗಿಂತ ಗದ್ದಲ ಮಾಡುವುದರಲ್ಲಿ ಆಶ್ಚರ್ಯವಿಲ್ಲ.

ಹೊಸ ಟಯರ್ ಕೊಳ್ಳಲೇಬೇಕಾಗಿ ಬಂದರೆ ಅಗಲದ ಮೋಹ ಬಿಡುವುದು ಒಳ್ಳೆಯದು. ಯುರೋಪಿನ ನಿಯಮವೇ 185 ಮಿಲಿಮೀಟರ್‌ವರೆಗಿನ ಅಗಲಕ್ಕೆ 70 ಡೆಸಿಬೆಲ್, 275 ಮೀರಿದರೆ 74 ಎಂದು ಮಿತಿ ಹಾಕಿದೆ. ಅಗಲವಾದಷ್ಟೂ ಸದ್ದು ಹೆಚ್ಚೆಂಬುದನ್ನು ಕಾನೂನೂ ಒಪ್ಪಿದೆ. ಎಂಜಿನ್ ಆಫ್ ಮಾಡಿದ ಕಾರು 80ರ ವೇಗದಲ್ಲಿ ಉರುಳಿ ಹೋಗುವಾಗ, ದಾರಿಯ ನಡುಗೆರೆಯಿಂದ 7.5 ಮೀಟರ್ ದೂರದ ಮೈಕ್ರೊಫೋನ್ ಹಿಡಿಯುವ ಸದ್ದಿಗೆ ಈ ಅಂಕಿ ಸೇರಿದ್ದು. ಅಂದರೆ ಅದು ರಸ್ತೆ ಬದಿಯ ಮನೆಯವರ ಕಿವಿಯ ಲೆಕ್ಕ, ಕಾರಿನೊಳಗೆ ಕೂತವರದ್ದಲ್ಲ. ಭಾರತದಲ್ಲೂ ಉರುಳುವ ಸದ್ದು, ಒದ್ದೆ ರಸ್ತೆಯ ಹಿಡಿತ, ಉರುಳುವಿಕೆಯ ಪ್ರತಿರೋಧ ಈ ಮೂರಕ್ಕೂ ಎಐಎಸ್ 142 ಮಾನದಂಡವನ್ನು 2022ರ ಅಧಿಸೂಚನೆ ಕಡ್ಡಾಯ ಮಾಡಿದೆ. ಒಳಗೋಡೆಗೆ ಸ್ಪಂಜು ಅಂಟಿಸಿದ ದುಬಾರಿ ಟಯರುಗಳೂ ಬಂದಿವೆ. ಅವು ಆ 220 ಹರ್ಟ್ಸ್‌ನ ಟೊಳ್ಳು ದನಿಯನ್ನು ಅಡಗಿಸುತ್ತವೆ, ಬಟನ್‌ಗಳ ಏಟಿಗೆ ಅವುಗಳಲ್ಲೂ ಮದ್ದಿಲ್ಲ.

ಬಟನ್, ಕಾಲುವೆ ಇಲ್ಲದ ಟಯರ್ ನುಣುಪು ರಸ್ತೆಯಲ್ಲಿ ಸದ್ದು ಕಡಿಮೆ ಮಾಡೀತು. ಆದರೆ ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋದರೆ ಅದು ನೆಲ ಬಿಟ್ಟು ನೀರಿನ ಮೇಲೆ ಜಾರುತ್ತದೆ. ಗಾಳಿಯನ್ನು ಹಿಂಡಿ ಸದ್ದು ಮಾಡುವ ಕಾಲುವೆಗಳೇ ಮಳೆನೀರನ್ನು ಹೊರಕ್ಕೆ ತಳ್ಳುವ ದಾರಿಯೂ ಹೌದು. ಕಾಲುವೆಯ ತಳದಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ. ಬಟನ್ ಸವೆದು ಅವುಗಳ ಮಟ್ಟಕ್ಕೆ ಇಳಿದಿದ್ದರೆ, ಸದ್ದು ಇರಲಿ ಬಿಡಲಿ, ಟಯರಿನ ಆಯುಸ್ಸು ಮುಗಿಯಿತು. ವೇಲಚೇರಿಯವರು ಟಯರ್ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಒದ್ದೆ ರಸ್ತೆಯ ಹಿಡಿತ ಹೇಗಿದೆ ಎಂದು. ಹಿಡಿತದಲ್ಲಿ ಸಮನಾದ ಎರಡು ಟಯರ್ ಎದುರಿಗಿದ್ದರೆ ಆಗ ಡೆಸಿಬೆಲ್ ನೋಡಿ ಆರಿಸಬಹುದು.