ಭೂತಾಯಿ ಮೀನೂ ಮುಂಗಾರಿನ ಗಾಳಿಯೂ

ಕೇರಳದ ಬಂದರುಗಳಲ್ಲಿ 2012ರಲ್ಲಿ ಇಳಿದ ಭೂತಾಯಿ ಮೀನು ಹತ್ತಿರಹತ್ತಿರ 4 ಲಕ್ಷ ಟನ್. ಅದೇ ಬಂದರುಗಳಲ್ಲಿ 2021ರಲ್ಲಿ ಇಳಿದದ್ದು ಸುಮಾರು 3,300 ಟನ್. ಒಂಬತ್ತೇ ವರ್ಷಗಳಲ್ಲಿ ನೂರರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಈ ಮೀನಿನ ಕಾಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ 2022ರ ಲೆಕ್ಕ ಬಂತು: ಒಂದು ಲಕ್ಷ ಟನ್ನಿಗೂ ಮಿಗಿಲು. ಇವು ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಬರೆದಿಟ್ಟ ಅಂಕಿಗಳು.

ಮೀನಿಗೆ ರಾಜ್ಯಗಳ ಗಡಿ ಗೊತ್ತಿಲ್ಲ. ಮಂಗಳೂರು, ಉಡುಪಿಯಲ್ಲಿ ಭೂತಾಯಿ, ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ ಎಂದು ಕರೆಸಿಕೊಳ್ಳುವ ಮೀನು ಇದೇ. ವಿಜ್ಞಾನಿಗಳಿಗೆ ಅದು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಅಗ್ಗದ ಮೀನು, ಎಣ್ಣೆಯಂಶದ ಮೀನು. ಹೆಚ್ಚು ಬಂದ ವರ್ಷ ತೆಂಗಿನ ಬುಡಕ್ಕೆ ಗೊಬ್ಬರವಾಗಿಯೂ ಹೋಗುತ್ತಿದ್ದ ಮೀನು ಅದು. ಬಾರದ ವರ್ಷ ಮಾತ್ರ ಕರಾವಳಿಯ ಬಡವರ ಊಟದ ತಟ್ಟೆಯೇ ಖಾಲಿ.

ಈ ಏರಿಳಿತಕ್ಕೆ ಈಗಿನ ಬೋಟುಗಳನ್ನು ದೂರುವುದು ಸುಲಭ. ಆದರೆ 1940ರ ದಶಕದಲ್ಲೂ ಭೂತಾಯಿ ಹೀಗೇ ಕಣ್ಮರೆಯಾಗಿತ್ತು. ಆಗ ಡೀಸೆಲ್ ಬೋಟುಗಳಿರಲಿಲ್ಲ, ಪರ್ಸೀನ್ ಬಲೆ ನಮ್ಮ ಕರಾವಳಿಗೆ ಬಂದಿರಲಿಲ್ಲ. ದಡದಲ್ಲಿ ನಿಂತು ಹತ್ತಾರು ಜನ ಎಳೆಯುವ ರಂಪಣಿಯೇ ದೊಡ್ಡ ಬಲೆ. ದಕ್ಷಿಣ ಕನ್ನಡವನ್ನೂ ಆಳುತ್ತಿದ್ದ ಮದ್ರಾಸ್ ಸರ್ಕಾರ ಮರಿಮೀನನ್ನೂ ಮೊಟ್ಟೆಹೊತ್ತ ಮೀನನ್ನೂ ಉಳಿಸಲೆಂದು 1943ರಲ್ಲಿ ನಿರ್ಬಂಧ ಹೇರಿ, ಫಲ ಕಾಣದೆ 1947ರಲ್ಲಿ ಹಿಂತೆಗೆದುಕೊಂಡಿತು. ಹಾಗಾದರೆ ಬಲೆಗಿಂತ ಮೊದಲೇ ಭೂತಾಯಿಯ ಸಂಖ್ಯೆಯನ್ನು ಕಡಲಿನಲ್ಲಿ ಇನ್ನಾವುದೋ ನಿರ್ಧರಿಸುತ್ತಿರಬೇಕು.

ಮೊದಲನೆಯದು ಆಯುಸ್ಸು. ಭೂತಾಯಿ ಬದುಕುವುದು ಸುಮಾರು ಎರಡೂವರೆ ವರ್ಷ. ವರ್ಷ ತುಂಬುವುದರೊಳಗೆ ಗೇಣಿಗಿಂತ ತುಸು ಚಿಕ್ಕದಿರುವಾಗಲೇ ಬೆದೆಗೆ ಬಂದು, ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ. ಹತ್ತಾರು ವರ್ಷ ಬದುಕುವ ಮೀನಾದರೆ ಒಂದು ಕೆಟ್ಟ ವರ್ಷವನ್ನು ಹಳೆಯ ಮೀನುಗಳು ಸರಿದೂಗಿಸುತ್ತವೆ. ಭೂತಾಯಿಗೆ ಆ ಅನುಕೂಲವಿಲ್ಲ. ಈ ಮಳೆಗಾಲದಲ್ಲಿ ಮರಿಗಳು ಬದುಕಲಿಲ್ಲವೆಂದರೆ ಮುಂದಿನ ವರ್ಷದ ಬಲೆ ಖಾಲಿ. ಬದುಕಿದವೆಂದರೆ ಒಂದೇ ವರ್ಷದಲ್ಲಿ ಕಡಲು ಮತ್ತೆ ತುಂಬೀತು.

ಮರಿಗಳು ಬದುಕಬೇಕಾದರೆ ಮೊಟ್ಟೆ ಒಡೆಯುವ ಹೊತ್ತಿಗೆ ಮೇವು ಸಿದ್ಧವಿರಬೇಕು. ಅದನ್ನು ಒದಗಿಸುವುದು ಗಾಳಿ. ಮುಂಗಾರಿನ ಗಾಳಿ ನಮ್ಮ ಕರಾವಳಿಯ ಬಳಿ ನೇರ ದಡಕ್ಕೆ ಬಡಿಯದೆ ತುಸು ವಾಲಿ, ದಡದ ಉದ್ದಕ್ಕೂ ದಕ್ಷಿಣದ ಕಡೆಗೆ ಬೀಸುತ್ತದೆ. ಹೀಗೆ ತಳ್ಳಿಸಿಕೊಂಡ ಮೇಲ್ಪದರದ ನೀರು ಭೂಮಿ ತಿರುಗುತ್ತಿರುವ ಕಾರಣ ಬಲಕ್ಕೆ, ಅಂದರೆ ದಡದಿಂದ ಆಚೆಗೆ, ಸರಿಯುತ್ತದೆ. ಸ್ವೀಡನ್ನಿನ ಎಕ್‌ಮನ್ 1905ರಲ್ಲಿ ಗಣಿತದ ಮೂಲಕ ವಿವರಿಸಿದ ಚಲನೆ ಇದು. ಮೇಲಿನ ನೀರು ಸರಿದ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ. ಗಾಳಿಯೊಂದರದ್ದೇ ಕೆಲಸವಲ್ಲ, ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಶ್ರೀಲಂಕಾ ಸುತ್ತಿ ಬರುವ, ಕಣ್ಣಿಗೆ ಕಾಣದ ಕೆಲ್ವಿನ್ ಅಲೆಗಳೂ ತಣ್ಣೀರಿನ ಪದರವನ್ನು ಮೇಲಕ್ಕೆತ್ತುತ್ತವೆ. ಕೇರಳದ ದಕ್ಷಿಣ ತುದಿಯಲ್ಲಿ ಮೇ ಹೊತ್ತಿಗೆ ಶುರುವಾಗುವ ಈ ಏರಿಕೆ, ಮಳೆಗಾಲ ಬಲಿತಂತೆ ಉತ್ತರಕ್ಕೆ ಸಾಗಿ ನಮ್ಮ ಕರಾವಳಿಯನ್ನು ಮುಟ್ಟುತ್ತದೆ.

ಆಳದ ನೀರಿನಲ್ಲಿ ನೈಟ್ರೇಟು, ಫಾಸ್ಫೇಟು, ಸಿಲಿಕೇಟು ಹೇರಳ. ಬಿಸಿಲಿರುವ ಪದರಕ್ಕೆ ಅವು ಬಂದವೆಂದರೆ ಡಯಾಟಮ್ ಎಂಬ ಏಕಕೋಶದ ಪಾಚಿಗಳು ದಿನಗಳಲ್ಲೇ ಕೋಟಿಕೋಟಿಯಾಗುತ್ತವೆ. ಭೂತಾಯಿ ಬಾಯ್ದೆರೆದು ಈಜುತ್ತಾ ಕಿವಿರಿನ ಒತ್ತಾದ ಹಲ್ಲುಗಳಿಂದ ಅವನ್ನು ಸೋಸಿ ತಿನ್ನುತ್ತದೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೆಚ್ಚಿದ ಕಡೆ ಭೂತಾಯಿಯೂ ಹೆಚ್ಚುತ್ತದೆಂದು 1950ರ ದಶಕದಲ್ಲೇ ನಮ್ಮ ವಿಜ್ಞಾನಿಗಳು ಗುರುತಿಸಿದ್ದರು. ಮಧ್ಯೆ ಹಲವು ಕೊಂಡಿಗಳಿಲ್ಲದೆ ಪಾಚಿಯೇ ಮೀನಾಗುವುದರಿಂದ ಅನುಕೂಲದ ವರ್ಷ ಫಸಲು ಲಕ್ಷ ಟನ್ನುಗಳಲ್ಲಿ ಬರುತ್ತದೆ.

ಇಷ್ಟೇ ಆಗಿದ್ದರೆ ಗಾಳಿ ಜೋರಾದಷ್ಟೂ ಮೀನು ಹೆಚ್ಚಬೇಕಿತ್ತು. ಹಾಗಾಗುವುದಿಲ್ಲ. ಆಳದ ನೀರಿಗೆ ಅಷ್ಟು ಸಾರ ಬಂದದ್ದಾದರೂ ಹೇಗೆ? ಮೇಲಿನಿಂದ ಉದುರಿದ ಸತ್ತ ಜೀವಿಗಳು ಅಲ್ಲಿ ಕೊಳೆತದ್ದರಿಂದ. ಕೊಳೆಯಿಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿ ಮುಗಿಸಿರುತ್ತವೆ. ಸಾರ ಹೆಚ್ಚಿದ ನೀರೇ ಉಸಿರಿಲ್ಲದ ನೀರು. ಎರಡೂ ಒಂದೇ ಕ್ರಿಯೆಯ ಫಲ. ಅರಬ್ಬಿ ಕಡಲಿನಲ್ಲಿ ಇದು ಇನ್ನೂ ತೀವ್ರ. ಉತ್ತರದಲ್ಲಿ ನೆಲ ಅಡ್ಡಗಟ್ಟಿರುವುದರಿಂದ ಧ್ರುವದ ಕಡೆಯ ತಾಜಾ ತಣ್ಣೀರು ಅತ್ತಲಿಂದ ಬರುವಂತಿಲ್ಲ. ಹಾಗಾಗಿ ಸುಮಾರು 150 ಮೀಟರಿನಿಂದ 1,000 ಮೀಟರಿನ ಆಳದವರೆಗೆ ಜಗತ್ತಿನಲ್ಲೇ ಅತಿ ದಪ್ಪನೆಯ ಆಮ್ಲಜನಕ ಕೊರತೆಯ ಪದರ ಇಲ್ಲಿ ಹರಡಿದೆ.

ಮುಂಗಾರಿನಲ್ಲಿ ಮೇಲೇರುವ ನೀರಿನಲ್ಲೂ ಆಮ್ಲಜನಕ ಕಡಿಮೆ. ದಡದ ಬಳಿಗೆ ಬಂದು ನಿಂತಮೇಲೆ ಅಲ್ಲಿ ಬೆಳೆದ ಪಾಚಿಯೂ ಕೊಳೆತು, ಉಳಿದ ಅಷ್ಟಿಷ್ಟನ್ನೂ ಹೀರುತ್ತದೆ. ಕಡಲ ಮೇಲ್ಮೈಯಲ್ಲಿ ಲೀಟರಿಗೆ 6 ಮಿಲಿಗ್ರಾಮ್ ಆಸುಪಾಸು ಇರುವ ಆಮ್ಲಜನಕ, ತಳದಲ್ಲಿ 2ಕ್ಕಿಂತ ಕೆಳಗಿಳಿಯುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಸ್ಥಿತಿಯನ್ನು ಜಗತ್ತಿನ ಗಮನಕ್ಕೆ ತಂದಿತು. ಮಳೆಗಾಲದ ಕೊನೆಯಲ್ಲಿ ಕೆಲವೆಡೆ ತಳದ ನೀರಿನಲ್ಲಿ ಆಮ್ಲಜನಕವೇ ಇಲ್ಲದೆ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಸಿಕ್ಕಿತ್ತು.

ಇಲ್ಲಿ ಪಶ್ಚಿಮ ಘಟ್ಟದ ಪಾತ್ರವೂ ಇದೆ. ಕಾಳಿ, ಶರಾವತಿ, ನೇತ್ರಾವತಿ ಮುಂತಾದ ನದಿಗಳು ಮಳೆಗಾಲದಲ್ಲಿ ತರುವ ಸಿಹಿನೀರು ಉಪ್ಪುನೀರಿಗಿಂತ ಹಗುರ. ಕೆಲವೇ ಮೀಟರ್ ದಪ್ಪಕ್ಕೆ ಹರಡಿ ಪಾತ್ರೆಯ ಮುಚ್ಚಳದಂತೆ ಮೇಲೆ ಕೂರುತ್ತದೆ. ಕೆಳಗಿನ ನೀರಿಗೆ ಗಾಳಿ ತಾಗುವುದಿಲ್ಲ, ಸಾರ ಸುಲಭವಾಗಿ ಬಿಸಿಲಿಗೆ ಬರುವುದಿಲ್ಲ. ‘ಮಳೆಗಾಲದಲ್ಲಿ ಒಂದು ತೂಫಾನ್ ಎದ್ದರೇ ಮೀನು’ ಎಂದು ನಾಡದೋಣಿಯವರು ಹೇಳುವುದುಂಟು. ಕಡಲು ಕದಡಿದರೆ ಈ ಪದರಗಳು ಬೆರೆಯುತ್ತವೆ ಎಂಬುದನ್ನು ನೆನೆದರೆ ಆ ಮಾತು ಬರಿಯ ನಂಬಿಕೆಯೆನಿಸದು.

ಹೀಗೆ ಭೂತಾಯಿಗೆ ಸಿಗುವುದು ಕಿರಿದಾದ ಅವಕಾಶ. ಗಾಳಿ ಸಪ್ಪೆಯಾದರೆ ಮೇವಿಲ್ಲ. ಉಸಿರಿಲ್ಲದ ನೀರು ತೀರ ಮೇಲೆ ಬಂದರೆ ಮೀನು ತೆಳುವಾದ ಮೇಲ್ಪದರದಲ್ಲಿ ಇಕ್ಕಟ್ಟಾಗುತ್ತದೆ, ಇಲ್ಲವೇ ಜಾಗ ಬಿಡುತ್ತದೆ. 2015ರ ಬಲವಾದ ಎಲ್ ನಿನೊದ ಹೊತ್ತಿಗೆ ಕೇರಳದ ಫಸಲು 70 ಸಾವಿರ ಟನ್ನಿಗಿಂತ ಕೆಳಗಿಳಿದಾಗ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಬೆಚ್ಚಗಾದ ಕಡಲನ್ನು ಮುಖ್ಯ ಕಾರಣವೆಂದರು. ದೀರ್ಘಕಾಲದ ಬದಲಾವಣೆಯೂ ಕಾಣುತ್ತಿದೆ. 1985ಕ್ಕೆ ಮೊದಲು ದೇಶದ ಬಹುಪಾಲು ಭೂತಾಯಿ ಸಿಗುತ್ತಿದ್ದುದು ಕನ್ಯಾಕುಮಾರಿಯ ಕಡೆಯಿಂದ ಭಟ್ಕಳದ ಆಸುಪಾಸಿನವರೆಗೆ. ಈಗ ಉತ್ತರಕ್ಕೆ ಗುಜರಾತಿನ ಕಡೆಗೂ ಪೂರ್ವಕ್ಕೆ ತಮಿಳುನಾಡು, ಆಂಧ್ರದ ಕರಾವಳಿಗೂ ಅದು ಹಬ್ಬಿದೆ.

ಹಾಗೆಂದು ಬಲೆ ನಿರಪರಾಧಿಯಲ್ಲ. 1970ರ ದಶಕದ ನಡುವಿನಲ್ಲಿ ಬಂದ ಪರ್ಸೀನ್ ಬಲೆ ಹಿಂಡಿಗೆ ಹಿಂಡನ್ನೇ ಸುತ್ತುವರಿಯಬಲ್ಲದು. ಮೀನು ವಿರಳವಾದಾಗಲೂ ಭೂತಾಯಿ ಹಿಂಡುಗಟ್ಟುವುದನ್ನು ಬಿಡುವುದಿಲ್ಲ. ಹಾಗಾಗಿ ಕಡಲಿನಲ್ಲಿ ಮೀನು ಬತ್ತುತ್ತಿದ್ದರೂ ಕೆಲವು ದಿನ ಬಲೆ ತುಂಬೀತು. ಊಟಕ್ಕೆ ಬಾರದ ಮರಿಗಳನ್ನು ಕೊಳ್ಳಲು ಫಿಶ್‌ಮೀಲ್ ಕಾರ್ಖಾನೆಗಳಿವೆ. ಒಳ್ಳೆಯ ವರ್ಷ ಇದರಿಂದಾಗುವ ಹಾನಿಯನ್ನು ಕಡಲು ತುಂಬಿಕೊಡುತ್ತದೆ. ಕೆಟ್ಟ ವರ್ಷ ಉಳಿದಿರುವುದೇ ಬೀಜದ ಮೀನು.

ನಮ್ಮ ನಿಯಮಗಳು ಈ ವ್ಯತ್ಯಾಸವನ್ನು ಅರಿಯವು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ; ಗಾಳಿ ಬೇಗ ಬರಲಿ, ತಡವಾಗಲಿ, ತಾರೀಖು ಬದಲಾಗದು. ಕೇರಳ 10 ಸೆಂಟಿಮೀಟರಿಗಿಂತ ಚಿಕ್ಕ ಭೂತಾಯಿ ಹಿಡಿಯಬಾರದೆಂದು ವಿಧಿಸಿದೆ; ಒಳ್ಳೆಯ ವರ್ಷಕ್ಕೂ ಬರಗಾಲದ ವರ್ಷಕ್ಕೂ ಅಳತೆ ಒಂದೇ. ಇನ್ನೊಂದೆಡೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹಗಳಿಂದ ಕಡಲ ಉಷ್ಣತೆಯನ್ನೂ ಪಾಚಿಯ ಹಸಿರನ್ನೂ ಅಳೆದು, ಮೀನು ಎಲ್ಲಿ ಸಿಕ್ಕೀತು ಎಂದು ಮೀನುಗಾರರಿಗೆ ತಿಳಿಸುತ್ತದೆ. ಮೇವು ಬೆಳೆದಿದೆಯೇ, ಕಡಲು ಅತಿಯಾಗಿ ಬೆಚ್ಚಗಿದೆಯೇ ಎಂಬುದನ್ನು ಹೇಳುವುದೂ ಇದೇ ಮಾಹಿತಿ. ಅದು ಇಂದು ಬಹುಮಟ್ಟಿಗೆ ಮೀನು ಹುಡುಕಲು ಬಳಕೆಯಾಗುತ್ತಿದೆ. ಮರಿಗಳಿಗೆ ಮೇವು ಸಿಗದ ವರ್ಷವನ್ನು ಆಗಸ್ಟಿನಲ್ಲೇ ಗುರುತಿಸಿ, ಆ ವರ್ಷಕ್ಕಷ್ಟೇ ಪರ್ಸೀನ್ ಬಲೆಗೂ ಫಿಶ್‌ಮೀಲ್ ಖರೀದಿಗೂ ಮಿತಿ ಹಾಕಿ, ದುಡಿಮೆ ಕಳೆದುಕೊಳ್ಳುವ ಮೀನುಗಾರರಿಗೆ ಪರಿಹಾರ ಕೊಡುವ ಏರ್ಪಾಡು ಬೇಕಾಗಿದೆ. ಎರಡೂವರೆ ವರ್ಷ ಬದುಕುವ ಮೀನಿಗೆ ಒಂದು ವರ್ಷದ ಬಿಡುವೂ ಸಣ್ಣದಲ್ಲ. 2021ರಿಂದ 2022ಕ್ಕೆ ಅದು ಮೇಲೆದ್ದ ವೇಗವೇ ಇದಕ್ಕೆ ಸಾಕ್ಷಿ.