ಅರಳೋ, ಮರುಳೋ?

‘ಅರವತ್ತಕ್ಕೆ ಅರಳು ಮರುಳು’ ಎಂಬ ಗಾದೆ ನಮ್ಮಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ, ಮನೆಯ ಹಿರಿಯರು ಕನ್ನಡಕವನ್ನು ಎಲ್ಲಿಟ್ಟೆನೆಂದು ಒಮ್ಮೆ ತಡಕಾಡಿದರೆ ಸಾಕು, ಕಿರಿಯರ ಬಾಯಲ್ಲಿ ಅದು ತಾನಾಗಿ ಬಂದುಬಿಡುತ್ತದೆ. ಇಪ್ಪತ್ತರ ಹುಡುಗನೊಬ್ಬ ತನ್ನ ಲೇಖನಿಗಾಗಿ ಮನೆಯೆಲ್ಲ ಹುಡುಕಿದರೂ ಅವನ ಪಾಲಿಗೆ ಯಾವ ಗಾದೆಯೂ ಇಲ್ಲ. ಇದಕ್ಕೆ ಜೊತೆಯಾಗಿ ಇನ್ನೊಂದು ಮಾತುಂಟು: ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಮುಪ್ಪಿನಲ್ಲಿ ಬುದ್ಧಿ ಕೆಡುವುದೆಂದು ಮೊದಲನೆಯದು ಹೇಳುತ್ತದೆ. ಆ ವಯಸ್ಸಿನಲ್ಲಿ ಹೊಸದೇನನ್ನೂ ಕಲಿಯಲಾಗದೆಂದು ಎರಡನೆಯದು. ಎರಡನ್ನೂ ನಂಬಿದವನಿಗೆ ಷಷ್ಟ್ಯಬ್ದಿಯ ಮಾರನೆಯ ದಿನದಿಂದ ಉಳಿಯುವ ಕೆಲಸ ಜಗುಲಿಯ ಮೇಲೆ ಕುಳಿತು ದಿನವೆಣಿಸುವುದೊಂದೇ. ಗಾದೆಗಳು ಅನುಭವದ ಸಾರವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಒಬ್ಬ ಮನುಷ್ಯನ ಇಪ್ಪತ್ತು ಮೂವತ್ತು ವರ್ಷಗಳ ಬಾಳನ್ನು ತೀರ್ಮಾನಿಸಿಬಿಡುವ ಮಾತುಗಳನ್ನು ಒರೆಗೆ ಹಚ್ಚದೆ ಒಪ್ಪುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ವಿಜ್ಞಾನವೂ ಬಹುಕಾಲ ಗಾದೆಯ ಪಕ್ಷವನ್ನೇ ಹಿಡಿದಿತ್ತು. 1906ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸ್ಪೇನಿನ ರಾಮೋನ್ ಕಹಾಲ್, ನರಕೋಶಗಳ ಸ್ವರೂಪವನ್ನು ಜಗತ್ತಿಗೆ ತೋರಿಸಿಕೊಟ್ಟ ಮಹಾಶಯ. ಬೆಳೆದ ಮಿದುಳಿನಲ್ಲಿ ನರಗಳ ಹಾದಿ ಸ್ಥಿರವಾದದ್ದು, ಅಲ್ಲಿ ಸಾಯುವುದುಂಟೇ ಹೊರತು ಮತ್ತೆ ಹುಟ್ಟುವುದಿಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು. ಈ ಮಾತಿಗೆ ಬಿರುಕು ಬಿಟ್ಟದ್ದು 1964ರ ಸುಮಾರಿಗೆ. ಅಮೆರಿಕದ ಬರ್ಕ್ಲಿಯಲ್ಲಿ ಮೇರಿಯನ್ ಡೈಮಂಡ್ ಮತ್ತು ಅವರ ಸಂಗಡಿಗರು ಕೆಲವು ಇಲಿಗಳನ್ನು ಬರಿಯ ಗೂಡಿನಲ್ಲಿ ಒಂಟಿಯಾಗಿಯೂ, ಕೆಲವನ್ನು ಜೊತೆಗಾರರೂ ಆಟದ ಸಾಮಾನುಗಳೂ ಇದ್ದ ವಿಶಾಲವಾದ ಗೂಡಿನಲ್ಲಿಯೂ ಸಾಕಿದರು. ಎರಡನೆಯ ಗುಂಪಿನ ಇಲಿಗಳ ಮಿದುಳಿನ ಹೊರಪದರ ಹೆಚ್ಚು ದಪ್ಪವಾಗಿತ್ತು. ಮುಂದೆ ಮುದಿ ಇಲಿಗಳಲ್ಲಿಯೂ ಇಂಥ ಬದಲಾವಣೆ ಕಂಡಿತು. ವಯಸ್ಕ ಮನುಷ್ಯನ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆಯೋ ಇಲ್ಲವೋ ಎಂಬ ವಾದ ಇನ್ನೂ ತೀರಿಲ್ಲ; ಆದರೆ ಇರುವ ಕೋಶಗಳ ನಡುವಣ ಸಂಬಂಧಗಳು ಬಳಕೆಯಿಂದ ಬದಲಾಗುತ್ತವೆಂಬುದರಲ್ಲಿ ಸಂದೇಹ ಉಳಿದಿಲ್ಲ.

ದೇಹದ ಸಾಧನೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವೊಂದುಂಟು. ಹೊಸ ನೆನಪುಗಳನ್ನು ಕಟ್ಟಿಡುವ ಕೆಲಸ ಮುಖ್ಯವಾಗಿ ಅದರದು. ಮುಪ್ಪಿನಲ್ಲಿ ವರ್ಷವರ್ಷಕ್ಕೂ ಅದು ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. 2011ರಲ್ಲಿ ಅಮೆರಿಕದ ವಿಜ್ಞಾನಿಗಳು 120 ಮಂದಿ ವೃದ್ಧರನ್ನು ಎರಡು ಪಂಗಡ ಮಾಡಿ ನಡೆಸಿದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಒಂದು ಪಂಗಡ ವಾರಕ್ಕೆ 3 ದಿನ, ಕ್ರಮೇಣ 40 ನಿಮಿಷಗಳವರೆಗೆ ಬಿರುಸಾಗಿ ನಡೆಯಿತು. ಇನ್ನೊಂದು ಕೈಕಾಲು ಚಾಚುವ ಹಗುರ ಕಸರತ್ತನ್ನಷ್ಟೇ ಮಾಡಿತು. ವರ್ಷ ಕಳೆಯುವಷ್ಟರಲ್ಲಿ ಎರಡನೆಯವರ ಹಿಪೊಕ್ಯಾಂಪಸ್ ವಾಡಿಕೆಯಂತೆ ಕುಗ್ಗಿತ್ತು. ನಡೆದವರದು ಶೇಕಡಾ 2ರಷ್ಟು ಹಿಗ್ಗಿತ್ತು. ನಡಿಗೆಯಿಂದ ರಕ್ತಸಂಚಾರ ಚುರುಕಾಗುತ್ತದೆ, ನರಕೋಶಗಳನ್ನು ಪೋಷಿಸುವ ಪ್ರೋಟೀನು ಹೆಚ್ಚುತ್ತದೆ ಎಂದು ಇದಕ್ಕೆ ಕಾರಣ ಹೇಳುತ್ತಾರೆ. ಕಾಸು ಖರ್ಚಿಲ್ಲದ ಈ ಔಷಧವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಅದಕ್ಕೇ ಇರಬೇಕು, ಅದರ ಜಾಹೀರಾತೂ ಕಡಿಮೆ.

ಕೈಚಳಕದ ಕಲಿಕೆಗೂ ಇಂಥ ಫಲವುಂಟು. ಜರ್ಮನಿಯಲ್ಲಿ ಅರವತ್ತರ ಆಸುಪಾಸಿನ ಕೆಲವರಿಗೆ ಮೂರು ಚೆಂಡುಗಳನ್ನು ಬೀಳದಂತೆ ಎಸೆದು ಹಿಡಿಯುವ ಆಟವನ್ನು 3 ತಿಂಗಳು ಕಲಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ತರುಣರಷ್ಟು ಸುಲಭವಾಗಿ ಅವರಿಗೆ ಆಟ ಕೈಗೂಡಲಿಲ್ಲ, ಹಲವರಿಗೆ ಕೂಡಲೇ ಇಲ್ಲ. ಆದರೆ ಕಲಿತವರ ಮಿದುಳಿನ ಕೆಲವು ಭಾಗಗಳು ತುಂಬಿಕೊಂಡಿದ್ದವು. ಮರ ಬಗ್ಗಿತ್ತು, ನಿಧಾನವಾಗಿ. ಆಟವನ್ನು ಬಿಟ್ಟಮೇಲೆ ಆ ವೃದ್ಧಿಯೂ ಇಳಿದುಹೋಯಿತೆಂಬುದನ್ನು ಮಾತ್ರ ಮರೆಯಬಾರದು. ಸಾಧನೆಯೆಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲ. ಅದು ದಿನವೂ ನೀರು ಬೇಡುವ ತುಳಸಿ.

ಇನ್ನು ಮನಸ್ಸಿನ ಸಾಧನೆ. ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಅಮೆರಿಕದಲ್ಲಿ 65 ದಾಟಿದ 2,832 ಮಂದಿಯ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ವರದಿ 2002ರಲ್ಲಿ ಬಂತು. ಒಂದು ಗುಂಪಿಗೆ ನೆನಪಿನ ಅಭ್ಯಾಸ, ಇನ್ನೊಂದಕ್ಕೆ ತರ್ಕದ್ದು, ಮತ್ತೊಂದಕ್ಕೆ ಗ್ರಹಿಕೆಯ ವೇಗದ್ದು. ನಾಲ್ಕನೆಯದಕ್ಕೆ ಏನೂ ಇಲ್ಲ. ಯಾರು ಯಾವುದನ್ನು ಅಭ್ಯಾಸ ಮಾಡಿದರೋ ಅವರು ಅದರಲ್ಲಿ ಮುಂದುವರಿದರು; ತರ್ಕ ಕಲಿತವರ ನೆನಪಾಗಲಿ, ನೆನಪು ಪಳಗಿಸಿದವರ ತರ್ಕವಾಗಲಿ ಉತ್ತಮಗೊಳ್ಳಲಿಲ್ಲ. ಹತ್ತು ವರ್ಷಗಳ ಅನಂತರವೂ ತರ್ಕ ಮತ್ತು ವೇಗದ ಲಾಭ ಉಳಿದಿತ್ತು, ನೆನಪಿನದು ಕರಗಿತ್ತು. ಹಾಡಿ ಹಾಡಿ ರಾಗ ಬರುವುದು ನಿಜ. ಆದರೆ ಹಾಡಿದ ರಾಗವೇ ಬರುತ್ತದೆ. ಪದಬಂಧವನ್ನು ನಿತ್ಯ ಬಿಡಿಸುವವನು ಪದಬಂಧದಲ್ಲಿ ಪ್ರವೀಣನಾಗುತ್ತಾನೆ, ಬೀಗದ ಕೈಯನ್ನು ಎಲ್ಲಿಟ್ಟನೆಂಬುದು ಅದರಿಂದ ನೆನಪಾಗಲಾರದು.

ಹಾಗಾದರೆ ಓದಿಗೂ ಬರಹಕ್ಕೂ ಬೆಲೆಯಿಲ್ಲವೇ? ಅಮೆರಿಕದ 678 ಮಂದಿ ಕ್ರೈಸ್ತ ಸಂನ್ಯಾಸಿನಿಯರ ಅಧ್ಯಯನ ಈ ಪ್ರಶ್ನೆಗೆ ಒಂದು ಸೋಜಿಗದ ಉತ್ತರ ಕೊಡುತ್ತದೆ. ಡೇವಿಡ್ ಸ್ನೋಡನ್ 1986ರಲ್ಲಿ ಅದನ್ನು ತೊಡಗಿದರು. ಮಠದ ಕಡತಗಳಲ್ಲಿ ಕೆಲವು ಸೋದರಿಯರು ಇಪ್ಪತ್ತರ ಹರೆಯದಲ್ಲಿ ಬರೆದಿಟ್ಟ ಆತ್ಮವೃತ್ತಗಳಿದ್ದವು. ಒಂದೊಂದು ವಾಕ್ಯದಲ್ಲಿಯೂ ಹೆಚ್ಚು ಭಾವವನ್ನು ಹೆಣೆದು ಬರೆದಿದ್ದವರಿಗೆ, ಸುಮಾರು 60 ವರ್ಷಗಳ ಬಳಿಕ, ಮರೆವಿನ ರೋಗ ತಟ್ಟಿದ್ದು ಕಡಿಮೆ. ಇದು ಸಾಧನೆಯ ಫಲವೋ ಹುಟ್ಟಿನ ಭಾಗ್ಯವೋ, ಆ ಅಧ್ಯಯನದಿಂದಲೇ ಬಗೆಹರಿಯದು. 101ನೆಯ ವಯಸ್ಸಿನಲ್ಲಿ ತೀರಿಕೊಂಡ ಸಿಸ್ಟರ್ ಮೇರಿಯ ಮಿದುಳಿನಲ್ಲಿ ಅಲ್ಜೈಮರ್ ರೋಗದ ಗುರುತುಗಳು ಯಥೇಚ್ಛವಾಗಿದ್ದವು; ಆದರೆ ಆಕೆಯ ಬುದ್ಧಿ ಕೊನೆಯವರೆಗೂ ಚೊಕ್ಕಟವಾಗಿತ್ತು. ಬಾಳಿನುದ್ದಕ್ಕೂ ಕೂಡಿಟ್ಟ ಬುದ್ಧಿಯ ನಿಧಿ ರೋಗದ ಪೆಟ್ಟನ್ನು ತಾಳಿಕೊಳ್ಳುತ್ತದೆ ಎಂಬ ವಿಚಾರಕ್ಕೆ ಇಂಥ ಸಂಗತಿಗಳೇ ಆಧಾರ.

ಈ ನಿಧಿ ಓದುಬಲ್ಲವರ ಸ್ವತ್ತು ಮಾತ್ರವೆಂದು ಯಾರೂ ಬೀಗಬೇಕಾಗಿಲ್ಲ. ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರೀಕ್ಷಿಸಿದ ವೈದ್ಯರು, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆಯಾಡುವವರಲ್ಲಿ ಮರೆವಿನ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತೆಂದು 2013ರಲ್ಲಿ ವರದಿ ಮಾಡಿದರು. ಅಕ್ಷರವನ್ನೇ ಅರಿಯದವರಲ್ಲಿಯೂ ಈ ಅಂತರವಿತ್ತು. ಕೋಲಾರದ ಸಂತೆಯಲ್ಲಿ ಕನ್ನಡ ತೆಲುಗುಗಳಲ್ಲಿ ಚೌಕಾಸಿ ಮಾಡುವ ಮುದುಕಿ, ಮಂಗಳೂರಿನಲ್ಲಿ ತುಳು, ಕೊಂಕಣಿ, ಕನ್ನಡಗಳ ನಡುವೆ ಸಲೀಸಾಗಿ ಓಡಾಡುವ ಮೀನುಗಾರಿತಿ, ಶಾಲೆಯ ಮೆಟ್ಟಿಲು ಹತ್ತದೆಯೇ ದೊಡ್ಡ ಸಾಧನೆಯನ್ನು ನಡೆಸಿಕೊಂಡು ಬಂದವರು.

ನಮ್ಮ ಸಾಹಿತ್ಯದಲ್ಲಿ ಇಳಿವಯಸ್ಸಿನ ಬೆಳೆ ಕಡಿಮೆಯೇನಲ್ಲ. 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರ ‘ದೇವರು’ ಹೊರಬಂದದ್ದು 1991ರಲ್ಲಿ. 107 ವರ್ಷ ಬಾಳಿದ ಜಿ. ವೆಂಕಟಸುಬ್ಬಯ್ಯನವರು ಎಂಬತ್ತು ದಾಟಿದ ಮೇಲೂ ಓದುಗರ ಪದಸಂದೇಹಗಳನ್ನು ಬಿಡಿಸುತ್ತಿದ್ದರು. ಬೇಂದ್ರೆಯವರಂತೂ ಗಾದೆಯನ್ನೇ ತಿರುಗಿಸಿ, ಅರವತ್ತರ ಆಸುಪಾಸಿನ ತಮ್ಮ ಸಂಕಲನಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮಹನೀಯರ ಉದಾಹರಣೆ ಸ್ಫೂರ್ತಿಗೆ ಸರಿ, ಪ್ರಮಾಣಕ್ಕೆ ಸಾಲದು. ನಿತ್ಯ ನಡೆದು, ನಿತ್ಯ ಓದಿ, ಆಮೇಲೂ ಮಕ್ಕಳ ಹೆಸರನ್ನು ಮರೆತವರುಂಟು. ಅವರನ್ನು ಸೋಮಾರಿಗಳೆಂದು ದೂಷಿಸುವುದು ಹಳೆಯ ಗಾದೆಗಿಂತಲೂ ಕ್ರೂರವಾದ ಹೊಸ ಗಾದೆಯಾದೀತು. ಸಾಧನೆ ಅಪಾಯವನ್ನು ತಗ್ಗಿಸುತ್ತದೆ, ಅಭಯವನ್ನು ಕೊಡುವುದಿಲ್ಲ.

ಹೊಣೆ ಮುದುಕರೊಬ್ಬರದೇ ಅಲ್ಲ. ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞ ಮಂಡಲಿ 2024ರಲ್ಲಿ ಪಟ್ಟಿಮಾಡಿದ 14 ಕಾರಣಗಳಲ್ಲಿ ರಕ್ತದ ಒತ್ತಡ, ಕಿವುಡು, ಮಂದದೃಷ್ಟಿ, ಬಾಲ್ಯದಲ್ಲಿ ದಕ್ಕದ ವಿದ್ಯೆ, ಒಂಟಿತನ ಎಲ್ಲವೂ ಸೇರಿವೆ. ಇವುಗಳಲ್ಲಿ ಎಷ್ಟನ್ನು ಒಬ್ಬ ಅಜ್ಜಿ ತಾನೊಬ್ಬಳೇ ನೀಗಿಕೊಂಡಾಳು? ಆಕೆಗೆ ಕಿವಿಯ ಯಂತ್ರ ಕೊಡಿಸಬೇಕಾದವರು ಮಕ್ಕಳು. ಎಡವದೆ ನಡೆಯಬಹುದಾದ ರಸ್ತೆಯನ್ನೂ, ಹಗಲು ಹೊತ್ತು ಕುಳಿತು ಓದುವ ಓದುಮನೆಯನ್ನೂ ಒದಗಿಸಬೇಕಾದದ್ದು ಊರು. ಆಕೆ ಮೊಮ್ಮಗಳ ಪುಸ್ತಕವನ್ನು ಹಿಡಿದು ಅಕ್ಷರ ಕೂಡಿಸಲು ಕುಳಿತಾಗ ನಗದೆ ಪಕ್ಕದಲ್ಲಿ ಕುಳಿತು ಹೇಳಿಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದನ್ನು ಈ ಭಾನುವಾರವೇ ಆರಂಭಿಸಬಹುದು.