ಸೂಜಿಗೆ ಮುಂಚೆ ಸಹಿ, ಸಹಿಗೆ ಮುಂಚೆ ಮಾತು!

ಬಸ್ ಸ್ಟ್ಯಾಂಡ್ ಪಕ್ಕದ ದಿನಸಿ ಅಂಗಡಿ ಯಜಮಾನರ ಮುಂಗೈ ಮೇಲೆ ಅಂಗೈ ಅಗಲದ ನೀಲಿ ಕಲೆ. “ಏನ್ರೀ ಇದು, ಯಾರ ಜೊತೆ ಕುಸ್ತಿ?” ಅಂದೆ. “ಕುಸ್ತಿ ಎಲ್ಲಿ ಬಂತು ಸಾರ್, ಆಸ್ಪತ್ರೇಲಿ ಸೂಜಿ ಹಾಕಿ ಪರೀಕ್ಷೆ ಮಾಡಿದ್ರು” ಅಂದರು.

ಮೂರು ತಿಂಗಳಿಂದ ಅವರ ಬೆರಳು ಜೋಮು ಹಿಡಿಯುತ್ತಿತ್ತು. ಪೊಟ್ಟಣ ಕಟ್ಟಲು ಕೈ ಬಗ್ಗುತ್ತಿರಲಿಲ್ಲ. ಡಾಕ್ಟರು ಇ.ಎಂ.ಜಿ. ಬರೆದುಕೊಟ್ಟರು. ಅಲ್ಲಿ ಹೋದರೆ ಇಂಗ್ಲಿಷ್ ಕಾಗದವೊಂದನ್ನು ಮುಂದಿಟ್ಟು “ಇಲ್ಲಿ ಸೈನ್ ಹಾಕಿ” ಅಂದರು. ಹಾಕಿದರು. ಹೃದಯದ ವಾಲ್ವಿಗಾಗಿ ತಾವು ದಿನಾ ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ ನುಂಗುವುದನ್ನು ಇವರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಪುಣ್ಯಕ್ಕೆ ಕಲೆಯಲ್ಲೇ ಮುಗಿಯಿತು.

ಈ ಪರೀಕ್ಷೆಯಾದರೂ ಏನು? ಜನ ಇದಕ್ಕೆ ‘ಕರೆಂಟು ಕೊಡೋದು’ ಅನ್ನುತ್ತಾರೆ. ನಿಜವಾಗಿ ಇದರಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಚರ್ಮದ ಮೇಲಿಂದ ಸಣ್ಣ ಶಾಕ್ ಕೊಟ್ಟು ನರ ಎಷ್ಟು ಬೇಗ ಸುದ್ದಿ ಮುಟ್ಟಿಸುತ್ತದೆಂದು ಅಳೆಯುತ್ತಾರೆ. ಎರಡನೆಯದರಲ್ಲಿ ತೆಳ್ಳಗಿನ ಸೂಜಿಯನ್ನು ಸ್ನಾಯುವಿನೊಳಗೆ ಇಳಿಸುತ್ತಾರೆ. ಸೂಜಿಯಿಂದ ಕರೆಂಟೂ ಬರುವುದಿಲ್ಲ, ಔಷಧಿಯೂ ಹೋಗುವುದಿಲ್ಲ. ಸ್ನಾಯು ಸುಮ್ಮನಿದ್ದಾಗ, ಬಿಗಿದಾಗ ಅದರಲ್ಲೇ ಹುಟ್ಟುವ ವಿದ್ಯುತ್ತನ್ನು ಅದು ಹಿಡಿಯುತ್ತದೆ, ಅಷ್ಟೆ. ತೊಂದರೆ ನರದಲ್ಲೋ ಸ್ನಾಯುವಿನಲ್ಲೋ, ಕತ್ತಿನಲ್ಲೋ ಮಣಿಕಟ್ಟಿನಲ್ಲೋ ಎಂದು ತಿಳಿಯಲು ಇದು ಬಹಳ ಉಪಯೋಗ. ಆದ್ದರಿಂದ ಹೆದರಿ ಓಡಿಹೋಗಬೇಡಿ!

ಆದರೆ ಅಪಾಯ ಸೊನ್ನೆ ಎಂದೂ ತಿಳಿಯಬೇಡಿ. ನೋವು ಇದ್ದೇ ಇರುತ್ತದೆ. ಒಂದೆರಡು ದಿನ ಸ್ನಾಯು ನೋಯಬಹುದು, ಅಲ್ಲಲ್ಲಿ ನೀಲಿಗಟ್ಟಬಹುದು. ರಕ್ತ ತೆಳು ಮಾಡುವ ಮಾತ್ರೆಯವರಿಗೆ, ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆಯವರಿಗೆ ಒಳಗೆ ರಕ್ತ ಸೋರುವ ಭಯ ಸ್ವಲ್ಪ ಹೆಚ್ಚು. ಒಮ್ಮೆ ಬಳಸಿ ಎಸೆಯುವ ಶುದ್ಧ ಸೂಜಿಯಾದರೆ ಸೋಂಕು ಅಪರೂಪ. ಎದೆಗೂಡು, ಭುಜ, ವಪೆಯ ಸುತ್ತಮುತ್ತ ಚುಚ್ಚುವಾಗ ಸೂಜಿ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರುವುದುಂಟು. ಇದು ತೀರಾ ಅಪರೂಪ. ಆದರೆ ಪರೀಕ್ಷೆ ಮುಗಿದ ಮೇಲೆ ಎದೆ ಚುಚ್ಚಿದಂತಾಗಿ ಉಸಿರು ಕಟ್ಟಿದರೆ “ನಾಳೆ ನೋಡೋಣ” ಅನ್ನದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಹಾಗಾದರೆ ನೀವು ಹೇಳಬೇಕಾದ್ದೇನು? ನುಂಗುವ ಎಲ್ಲ ಮಾತ್ರೆಗಳ ಚೀಟಿ ತೋರಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಹೇಳಿ. ಶಾಕ್ ಕೊಡುವ ಭಾಗಕ್ಕೆ ಅದು ಮುಖ್ಯ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಆ ಕಡೆಯ ಕೈ ಊದಿಕೊಳ್ಳುವ ಹೆಂಗಸರು ಅದನ್ನೂ ಹೇಳಬೇಕು. ಇನ್ನೊಂದು ಮಾತು: ವಾರ್ಫರಿನ್ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ! ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದರೆ ಸೂಜಿಯ ಕಲೆಗಿಂತ ನೂರು ಪಾಲು ಕೆಟ್ಟದ್ದು. ಡಾಕ್ಟರಿಗೆ ಗೊತ್ತಿದ್ದರೆ ಮಾತ್ರೆ ನಿಲ್ಲಿಸದೆಯೇ, ಮೇಲ್ಭಾಗದ ಸ್ನಾಯು ಆರಿಸಿ, ಚುಚ್ಚಿದ ಜಾಗವನ್ನು ಹೆಚ್ಚು ಹೊತ್ತು ಒತ್ತಿ ಹಿಡಿದು ಕೆಲಸ ಮುಗಿಸುತ್ತಾರೆ. ಗೊತ್ತಾಗದಿದ್ದರೆ ಅವರಾದರೂ ಏನು ಮಾಡಿಯಾರು?

ಇನ್ನು ಅವರು ಹೇಳಬೇಕಾದ್ದು. 2008ರಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯ ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಉಂಟೇ, ದೊಡ್ಡ ಅಪಾಯ ಯಾವುದು, ಬೇಡವೆಂದರೆ ಏನಾದೀತು ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಚಿಕಿತ್ಸೆಗೂ ಕೊಟ್ಟ ಒಪ್ಪಿಗೆ ಎಂದುಕೊಳ್ಳುವ ಹಾಗಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಅಂದ ಮೇಲೆ ಓದಲು ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಹೇಗಾದೀತು? ಅರ್ಧಕ್ಕೆ ನೋವು ತಾಳದಾದರೆ “ಸಾಕು, ನಿಲ್ಲಿಸಿ” ಅನ್ನುವ ಹಕ್ಕೂ ನಿಮ್ಮದೇ.

ಆಸ್ಪತ್ರೆಯವರ ಕಷ್ಟವೂ ನಮಗೆ ಗೊತ್ತು. ಹೊರಗೆ ಐವತ್ತು ಜನ ಸಾಲು ನಿಂತಿರುತ್ತಾರೆ. ಆದರೂ ಕನ್ನಡದಲ್ಲಿ ಐದು ನಿಮಿಷ ಮಾತಾಡಲು, ಕನ್ನಡದಲ್ಲೇ ಒಂದು ಹಾಳೆ ಅಚ್ಚು ಹಾಕಿಸಲು ಯಾವ ಯಂತ್ರ ಬೇಕು ಸ್ವಾಮಿ?

ನಮ್ಮ ಯಜಮಾನರು ಉದ್ರಿ ಪುಸ್ತಕಕ್ಕೆ ಸಹಿ ಹಾಕುವ ಮುಂಚೆ ಎರಡು ಸಲ ಲೆಕ್ಕ ಕೂಡುವವರು. ತಮ್ಮ ಕೈಗೆ ಮಾತ್ರ ಲೆಕ್ಕ ಕೇಳಲಿಲ್ಲ! ಮುಂದಿನ ತಿಂಗಳು ಇನ್ನೊಂದು ಕೈಯ ಪರೀಕ್ಷೆ ಇದೆಯಂತೆ. “ಈ ಸಲ ಮಾತ್ರೆ ಚೀಟಿ ಜೇಬಲ್ಲೇ ಇಟ್ಕೊಂಡಿದೀನಿ ಸಾರ್. ಅವರು ಕೇಳದಿದ್ರೂ ನಾನೇ ಹೇಳ್ತೀನಿ” ಅಂದರು. ಆ ಬುದ್ಧಿ ನಮಗೆಲ್ಲ ನೀಲಿ ಕಲೆ ಬೀಳುವ ಮೊದಲೇ ಬರಲಿ.